ಅಲುಗದ ಮೇಜು

ನಮ್ಮ ನಾಡಿನ ಸಾಂಪ್ರದಾಯಿಕ ಬಡಗಿಗೆ ಮೇಜಿನ ಹಂಗಿರಲಿಲ್ಲ. ಅವನು ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದಗಳಿಂದ ಅದುಮಿ ಹಿಡಿದು, ಎರಡು ಕೈಗಳಿಂದಲೂ ಉಳಿಯನ್ನೋ ಗರಗಸವನ್ನೋ ನಡೆಸುತ್ತಿದ್ದನು. ಈ ಪದ್ಧತಿ ಇಂದಿಗೂ ಅಲ್ಲಲ್ಲಿ ಉಳಿದುಬಂದಿದೆ. ಕೊಂಚ ಯೋಚಿಸಿದರೆ ಇದರಲ್ಲಿ ಅಡಗಿರುವ ಜಾಣತನ ತಿಳಿಯುತ್ತದೆ. ಅವನು ಭೂಮಿಯನ್ನೇ ಮೇಜನ್ನಾಗಿ ಮಾಡಿಕೊಂಡಿದ್ದನು. ಭೂಮಿ ಬಾಗುವುದಿಲ್ಲ, ಓಲಾಡುವುದಿಲ್ಲ, ತಳ್ಳಿದರೆ ಜರುಗುವುದಿಲ್ಲ.

ಮನೆಯ ಮೂಲೆಯಲ್ಲಿ ಪುಟ್ಟ ಕಾರ್ಯಾಗಾರವೊಂದನ್ನು ಹೂಡಬಯಸುವ ಇಂದಿನ ವಿದ್ಯಾರ್ಥಿ ನಿಂತು ಕೆಲಸ ಮಾಡುತ್ತಾನೆ. ವೈಸನ್ನು ಬಿಗಿಯಬೇಕು, ಡ್ರಿಲ್ ಯಂತ್ರವನ್ನು ನಡೆಸಬೇಕು, ದೂರದರ್ಶಕದ ಕನ್ನಡಿಯನ್ನು ಉಜ್ಜಬೇಕು. ಇದಕ್ಕೆಲ್ಲ ಅವನಿಗೆ ಬೇಕಾದುದು ಸೊಂಟದ ಎತ್ತರಕ್ಕೆ ಏರಿಸಿದ ಒಂದು ತುಂಡು ನೆಲ. ಮೇಜು ಅಲುಗಿದರೆ ಗರಗಸ ಗೆರೆ ತಪ್ಪುತ್ತದೆ, ಉಳಿ ಜಾರಿ ಕೈಗೆ ತಗಲುತ್ತದೆ. ಎಷ್ಟೋ ಮಂದಿ ಉತ್ಸಾಹಿಗಳು ಎರಡು ಬಾರಿ ಕೆಟ್ಟ ಕೆಲಸವನ್ನು ಕಂಡು, ‘ನನ್ನ ಕೈಗೆ ಇದು ಒಗ್ಗದು’ ಎಂದು ಹತಾರಗಳನ್ನು ಕಟ್ಟಿಡುತ್ತಾರೆ. ದೋಷವಿರುವುದು ಕೈಯಲ್ಲೋ ಮೇಜಿನಲ್ಲೋ ಎಂಬುದನ್ನು ಅವರು ಪರೀಕ್ಷಿಸಿರುವುದಿಲ್ಲ.

ಮೈಸೂರು ಮರಗೆಲಸಕ್ಕೆ ಹೆಸರಾದ ಊರು. 1912ರಲ್ಲಿ ಪೂರ್ಣಗೊಂಡ ಅರಮನೆಯಲ್ಲಿ ದಂತದ ಕುಸುರಿಯಿಂದ ಶೋಭಿಸುವ ಬೀಟೆಯ ಬಾಗಿಲನ್ನು ಕಾಣಬಹುದು. ಇಲ್ಲಿಯ ಬೀಟೆಯ ಕುಸುರಿಗೆಲಸಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಂಥ ಊರಿನಲ್ಲಿ ಬೆಳೆದವರಿಗೆ ಒಳ್ಳೆಯ ಮೇಜೆಂದರೆ ಒಳ್ಳೆಯ ಮರವೆಂದು ತೋರುವುದು ಸಹಜ. ಆದರೆ ಭೌತವಿಜ್ಞಾನ ಹೇಳುವುದು ಬೇರೆ. ತೇಗಕ್ಕೂ ಪೆಟ್ಟಿಗೆ ಮಾಡುವ ಅಗ್ಗದ ಪೈನ್ ಮರಕ್ಕೂ ಬಾಗದಿರುವ ಗುಣದಲ್ಲಿರುವ ವ್ಯತ್ಯಾಸ ಸಾಮಾನ್ಯವಾಗಿ ಎರಡು ಪಟ್ಟನ್ನು ಮೀರುವುದಿಲ್ಲ. ಆಕೃತಿಯನ್ನು ಬದಲಾಯಿಸಿ ನಾವು ಎಂಟು ಪಟ್ಟು, ಹದಿನಾರು ಪಟ್ಟು ಲಾಭವನ್ನು ಪಡೆಯಬಹುದು. ಅದು ಹೇಗೆಂಬುದನ್ನು ನೋಡೋಣ.

ಮೊದಲನೆಯದು ಬಾಗುವಿಕೆ. ಹಲಗೆ ಬಾಗಿದಾಗ ಅದರ ಮೇಲ್ಪದರ ಕುಗ್ಗುತ್ತದೆ, ಕೆಳಪದರ ಹಿಗ್ಗುತ್ತದೆ, ನಡುವಣ ಪದರ ಇದ್ದಂತೆಯೇ ಇರುತ್ತದೆ. ಹಲಗೆಯ ದಪ್ಪವನ್ನು ಇಮ್ಮಡಿ ಮಾಡಿದೆವೆನ್ನಿ. ಆಗ ಪ್ರತಿರೋಧಿಸುವ ಮರ ಇಮ್ಮಡಿಯಾಗುತ್ತದೆ. ಹೊರಪದರಗಳು ನಡುವಿನಿಂದ ಇಮ್ಮಡಿ ದೂರವಿರುವುದರಿಂದ ಇಮ್ಮಡಿ ಹಿಗ್ಗಬೇಕಾಗುತ್ತದೆ. ಅವುಗಳ ಬಲಕ್ಕೆ ದೊರೆಯುವ ಸನ್ನೆಯ ತೋಳೂ ಇಮ್ಮಡಿಯಾಗುತ್ತದೆ. ಹೀಗೆ 2×2×2, ಎಂದರೆ 8 ಪಟ್ಟು ಬಿಗಿತನ ಬರುತ್ತದೆ. ಇದೇ ಕಾರಣದಿಂದ 4 ಅಂಗುಲ ಅಗಲ, 1 ಅಂಗುಲ ದಪ್ಪದ ಪಟ್ಟಿಯನ್ನು ಮಲಗಿಸುವುದಕ್ಕೆ ಬದಲಾಗಿ ಅಂಚಿನ ಮೇಲೆ ನಿಲ್ಲಿಸಿದರೆ ಅದು 16 ಪಟ್ಟು ಬಿಗಿಯಾಗುತ್ತದೆ. ಮರ ಅದೇ, ಹಣ ಅಷ್ಟೇ.

ಇಲ್ಲಿ ಒಂದು ಸೂಕ್ಷ್ಮವಿದೆ. 18 ಮಿಲಿಮೀಟರಿನ ಎರಡು ಪ್ಲೈವುಡ್ ತುಂಡುಗಳನ್ನು ಸುಮ್ಮನೆ ಒಂದರ ಮೇಲೊಂದಿಟ್ಟರೆ ಬಿಗಿತನ ಎರಡು ಪಟ್ಟು ಮಾತ್ರ. ಇಡೀ ಮೈಗೆ ಅಂಟು ಬಳಿದು ಒತ್ತಿ ಕೂಡಿಸಿದರೆ ಎಂಟು ಪಟ್ಟು. ಕಾರಣವನ್ನು ತಿಳಿಯಲು ಒಂದು ನೋಟ್ ಪುಸ್ತಕವನ್ನು ಬಗ್ಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರುವುದರಿಂದ ಅದು ಸುಲಭವಾಗಿ ಬಾಗುತ್ತದೆ. ಅಂಚುಗಳನ್ನು ಬಿಗಿಯಾಗಿ ಹಿಡಿದು ಜಾರುವಿಕೆಯನ್ನು ತಡೆದರೆ ಅದೇ ಪುಸ್ತಕ ಮೊಂಡು ಹಿಡಿಯುತ್ತದೆ. ಅಂಟು ಮಾಡುವ ಕೆಲಸ ಇದೇ.

ಎರಡನೆಯದು ಓಲಾಟ. ತೆಂಗಿನ ಗರಿಯ ನಾಲ್ಕು ಕಡ್ಡಿಗಳನ್ನು ಗುಂಡುಸೂಜಿಗಳಿಂದ ಜೋಡಿಸಿ ಚೌಕ ಮಾಡಿ. ಬೆರಳಿನಿಂದ ಒತ್ತಿದೊಡನೆ ಅದು ಓರೆಯಾಗುತ್ತದೆ. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿಯನ್ನು ಸೇರಿಸಿ, ಅಲುಗಾಟ ನಿಂತಿತು. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಕೋನಗಳು ಬದಲಾಗಲಾರವು. ವಿದ್ಯುತ್ತನ್ನು ಒಯ್ಯುವ ಎತ್ತರದ ಉಕ್ಕಿನ ಗೋಪುರಗಳಲ್ಲಿ ಓರೆ ಪಟ್ಟಿಗಳು ತುಂಬಿರುವುದು ಇದಕ್ಕಾಗಿಯೇ. ಕಾಲು ದಪ್ಪವಾಗಿದ್ದೂ ಓಲಾಡುವ ಮೇಜುಗಳಲ್ಲಿ ದೋಷವಿರುವುದು ಮೂಲೆಗಳಲ್ಲಿ. ಮೇಜಿನ ಹಿಂಬದಿಗೆ ಒಂದು, ಎರಡು ಪಕ್ಕಗಳಿಗೆ ಒಂದೊಂದು ಓರೆಪಟ್ಟಿಯನ್ನು ಬೋಲ್ಟಿನಿಂದ ಬಿಗಿದರೆ ಸಾಕು. ಮುಂಬದಿಯನ್ನು ಕೆಲಸ ಮಾಡುವವನ ಕಾಲಿಗೆ ತೆರವಾಗಿ ಬಿಡಬಹುದು.

ಮೂರನೆಯದು ಜರುಗುವಿಕೆ. 30 ಕಿಲೋಗ್ರಾಂ ತೂಕದ ಮೇಜು, ನೆಲದೊಡನೆ ಘರ್ಷಣೆಯ ಗುಣಾಂಕ 0.4 ಎಂದಿಟ್ಟುಕೊಳ್ಳೋಣ. 12 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ತಳ್ಳಿದರೆ ಮೇಜು ಜರುಗತೊಡಗುತ್ತದೆ. ಗಟ್ಟಿ ಮರಕ್ಕೆ ತೋಪಡ ಹೊಡೆಯುವಾಗ ಇಷ್ಟು ಬಲ ಬೀಳುವುದು ಅಸಾಧಾರಣವಲ್ಲ. ಇದಕ್ಕೆ ಪರಿಹಾರ ಇಟ್ಟಿಗೆ! ಕಾಲುಗಳ ನಡುವೆ ತಗ್ಗಿನಲ್ಲಿ ಒಂದು ಹಲಗೆಯನ್ನು ಕೂರಿಸಿ, ಸುಮಾರು 3 ಕಿಲೋಗ್ರಾಂ ತೂಗುವ ಹತ್ತು ಇಟ್ಟಿಗೆಗಳನ್ನು ಜೋಡಿಸಿದರೆ ಮೇಜಿನ ತೂಕವೂ ಘರ್ಷಣೆಯೂ ಇಮ್ಮಡಿಯಾಗುತ್ತವೆ. ಭಾರ ಕೆಳಗಿರುವುದರಿಂದ ಮೇಜು ಮಗುಚುವ ಭಯವೂ ಕಡಿಮೆ.

ಮರ ಕಡಿದ ಮೇಲೂ ಹವೆಗೆ ಸ್ಪಂದಿಸುತ್ತದೆಂಬುದನ್ನು ಮರೆಯಬಾರದು. ಮೈಸೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಕುಗ್ಗಿದ ಹಲಗೆ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಅತ್ಯಲ್ಪ, ಅಗಲದಲ್ಲಿ ಅಲ್ಪವಲ್ಲ. ಮರದ ತೇವ ಶೇಕಡ 4ರಷ್ಟು ಏರಿದರೆ 600 ಮಿಲಿಮೀಟರ್ ಅಗಲದ ಹಲಗೆ ಸುಮಾರು 5 ಮಿಲಿಮೀಟರ್ ಹಿಗ್ಗಬಹುದು. ಅದನ್ನು ಮೊಳೆಗಳಿಂದ ನಾಲ್ಕೂ ಕಡೆ ಬಂಧಿಸಿದರೆ ಸೀಳುತ್ತದೆ ಅಥವಾ ಡೊಂಕಾಗುತ್ತದೆ. ಚೌಕಟ್ಟುಳ್ಳ ಹಳೆಯ ಬಾಗಿಲುಗಳನ್ನು ಗಮನಿಸಿ. ನಡುವಣ ಹಲಗೆಯನ್ನು ಬಡಗಿ ಚೌಕಟ್ಟಿನೊಳಗೆ ತೋಡಿದ ಸಂದಿನಲ್ಲಿ ಸಡಿಲವಾಗಿ ಕೂರಿಸಿರುತ್ತಾನೆ. ಹಿಗ್ಗಲು ಎಡೆ ಕೊಡುವುದೇ ಅವನ ಉಪಾಯ. ನಾವೂ ಮರದ ಹಲಗೆಯನ್ನು ಬಳಸಿದರೆ ತಿರುಪುಮೊಳೆಯ ತೂತನ್ನು ಅಗಲದ ದಿಕ್ಕಿಗೆ ನೀಳವಾಗಿ ಕೊರೆಯಬೇಕು. ಪ್ಲೈವುಡ್ಡಿನಲ್ಲಾದರೋ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡಲಾಗಿರುವುದರಿಂದ ಈ ತೊಡಕಿಲ್ಲ.

ಇನ್ನು ಮೇಜನ್ನು ಕಟ್ಟುವುದು ಸುಲಭ. 8×4 ಅಡಿಯ ಪ್ಲೈವುಡ್ ಹಾಳೆಯ ಅರ್ಧದಿಂದ 4×2 ಅಡಿಯ ಎರಡು ತುಂಡುಗಳು ದೊರೆಯುತ್ತವೆ. ಅವನ್ನು ಅಂಟಿಸಿದರೆ ಮೇಲ್ಮೈ ಸಿದ್ಧ. ಕಾಲುಗಳಿಗೆ ತೇಗವೇ ಬೇಕೆಂದಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಆದೀತು, ಕಳಚಿದ ಹಳೆಯ ಕಟ್ಟಡದ ಒಣಗಿದ ಮರವೂ ಆದೀತು. ಮೇಲ್ಮೈಯ ಕೆಳಗೆ ಸುತ್ತಲೂ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಬಿಗಿಯಿರಿ. ನೆಟ್ಟಗೆ ನಿಂತು ತೋಳುಗಳನ್ನು ಇಳಿಬಿಟ್ಟಾಗ ಮಣಿಕಟ್ಟು ಎಷ್ಟು ಎತ್ತರದಲ್ಲಿರುವುದೋ ಅಷ್ಟು ಎತ್ತರ ಮರಗೆಲಸಕ್ಕೆ ಹಿತ. ಬೆಸುಗೆಯಂತಹ ನವಿರಾದ ಕೆಲಸಕ್ಕೆ ಮೊಣಕೈಯ ಎತ್ತರ ಮೇಲು. ಹಾಸುಗಲ್ಲಿನ ನೆಲ ಸಮವಿಲ್ಲದಿದ್ದರೆ ಎತ್ತರ ಸಾಲದ ಕಾಲಿನಡಿಗೆ ಬೆಣೆ ಕೊಡಿ.

ಮುಗಿದ ಮೇಜನ್ನು ಪರೀಕ್ಷಿಸಲು ಚೂರು ಕನ್ನಡಿ ಸಾಕು. ಅದನ್ನು ಮೇಜಿನ ಉದ್ದದ ಒಂದು ತುದಿಯಲ್ಲಿಟ್ಟು, ಟಾರ್ಚಿನ ಬೆಳಕು ಅದರಿಂದ ಪ್ರತಿಫಲಿಸಿ ಆ ಉದ್ದದ ದಿಕ್ಕಿನಲ್ಲಿರುವ ಎದುರು ಗೋಡೆಯ ಮೇಲೆ ಬೀಳುವಂತೆ ಮಾಡಿ. ಅನಂತರ ಮೇಜಿನ ನಡುವನ್ನು ಬಲವಾಗಿ ಒತ್ತಿ. ಕನ್ನಡಿ ಎಷ್ಟು ಓರೆಯಾಗುವುದೋ ಅದರ ಇಮ್ಮಡಿ ಕೋನದಷ್ಟು ಪ್ರತಿಫಲಿತ ಕಿರಣ ತಿರುಗುತ್ತದೆ. 4 ಅಡಿ ಉದ್ದದ ಮೇಜು ನಡುವೆ 1 ಮಿಲಿಮೀಟರ್ ಬಾಗಿದರೂ 3 ಮೀಟರ್ ದೂರದ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಸುಮಾರು 15 ಮಿಲಿಮೀಟರ್ ಸರಿಯುತ್ತದೆ. ಓಲಾಟವನ್ನು ಅರಿಯಲು ನೀರು ತುಂಬಿದ ತಟ್ಟೆಯನ್ನಿಟ್ಟು ಮೇಜನ್ನು ಪಕ್ಕದಿಂದ ತಳ್ಳಿ ನೋಡಿ. ಚುಕ್ಕೆ ಕದಲದೆ, ನೀರು ಕಲಕದೆ ಇದ್ದರೆ ಮೇಜು ಸಿದ್ಧವಾಯಿತೆಂದು ತಿಳಿಯಬಹುದು. ಆ ಬಳಿಕವೂ ಗರಗಸ ಗೆರೆ ತಪ್ಪಿದರೆ ಅಭ್ಯಾಸ ಸಾಲದೆಂದು ಮಾತ್ರ ಅರ್ಥ; ಅಭ್ಯಾಸವನ್ನು ಬೆಳೆಸಿಕೊಳ್ಳಲು ಗಟ್ಟಿಯಾದ ನೆಲೆಯಂತೂ ಆಗ ದೊರೆತಿರುತ್ತದೆ.