ಕಾಡುಮೃಗಗಳ ಹೆಸರು ಮತ್ತು ನಡತೆ

ಮೃಗವೆಂದೊಡನೆ ಹುಲಿ ಚಿರತೆಗಳಂತಹ ಕ್ರೂರಪ್ರಾಣಿಗಳು ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಸಹಜ. 'ಮೃಗೀಯ ವರ್ತನೆ' ಎಂಬ ಮಾತನ್ನು ನಾವು ನಿಂದೆಗಾಗಿಯೇ ಬಳಸುತ್ತೇವೆ. ಆದರೆ ಆ ಶಬ್ದದ ಮೂಲದಲ್ಲಿ ಕ್ರೌರ್ಯದ ಸೋಂಕಿಲ್ಲ. ಅರಸು, ಹುಡುಕು ಎಂಬ ಅರ್ಥವುಳ್ಳ ಧಾತುವಿನಿಂದ ಅದು ಹುಟ್ಟಿತೆಂದು ವೈಯಾಕರಣರು ಹೇಳುತ್ತಾರೆ. ಸಂಸ್ಕೃತದಲ್ಲಿ ಸಾಧುವಾದ ಜಿಂಕೆಗೂ ಮೃಗವೆಂದೇ ಹೆಸರು. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕಪಿಯು ಶಾಖಾಮೃಗ. ಅಮರಕೋಶದ ದ್ವಿತೀಯ ಕಾಂಡದಲ್ಲಿ ಸಿಂಹಾದಿವರ್ಗವೆಂಬ ಒಂದು ವರ್ಗವನ್ನೇ ಇಂತಹ ಹೆಸರುಗಳಿಗಾಗಿ ಮೀಸಲಿರಿಸಲಾಗಿದೆ. ಹೆಸರೆಂಬುದು ಹಿರಿಯರು ಪ್ರಾಣಿಯನ್ನು ಕಂಡ ಬಗೆಯ ದಾಖಲೆ. ಅದು ಕೆಲವೊಮ್ಮೆ ಪ್ರಾಣಿಯ ನಿಜವಾದ ನಡತೆಯನ್ನು ತಿಳಿಸುತ್ತದೆ; ಕೆಲವೊಮ್ಮೆ ನಮ್ಮನ್ನು ದಾರಿತಪ್ಪಿಸುತ್ತದೆ; ಮತ್ತೆ ಕೆಲವೊಮ್ಮೆ ಪ್ರಾಣಿಯ ಪ್ರಾಣಕ್ಕೇ ಎರವಾಗುತ್ತದೆ. ಈ ಮೂರು ಬಗೆಗಳನ್ನೂ ನಮ್ಮ ನಾಡಿನ ಕಾಡುಗಳ ಉದಾಹರಣೆಗಳಿಂದ ಪರಿಶೀಲಿಸೋಣ.

ಮೊದಲು ನಿಜವನ್ನು ನುಡಿಯುವ ಹೆಸರುಗಳು. ಆನೆಗೆ ಹಸ್ತಿಯೆಂದು ಹೆಸರು, ಕೈಯುಳ್ಳದ್ದು ಎಂದರ್ಥ. ನೆಲದ ಮೇಲಿನ ಸಣ್ಣ ಕಾಯನ್ನು ಆಯ್ದುಕೊಳ್ಳುವ, ದೊಡ್ಡ ಕೊಂಬೆಯನ್ನು ಮುರಿಯುವ ಸೊಂಡಿಲು ನಿಜವಾಗಿಯೂ ಕೈಯೇ ಸರಿ. ಅದಕ್ಕೆ ದ್ವಿಪವೆಂಬ ಹೆಸರೂ ಉಂಟು. ಎರಡರಿಂದ ಕುಡಿಯುವುದು ಎಂದರ್ಥ. ಆನೆಯು ಸೊಂಡಿಲಿನಲ್ಲಿ ನೀರನ್ನು ಹೀರಿದರೂ ಅದನ್ನು ಬಾಯಿಗೆ ಸುರಿದುಕೊಂಡೇ ಕುಡಿಯಬೇಕು. ಈ ಸೂಕ್ಷ್ಮವನ್ನು ಗಮನಿಸಿದವರೇ ಆ ಹೆಸರನ್ನಿಟ್ಟರು. ಮುಳ್ಳುಹಂದಿಯ ಸಂಸ್ಕೃತ ನಾಮ ಶ್ವಾವಿತ್. ನಾಯಿಯನ್ನು ಚುಚ್ಚುವುದು ಎಂದು ಅದರ ಅರ್ಥ. ಮುಳ್ಳುಹಂದಿಯು ಬಾಣಬಿಟ್ಟಂತೆ ಮುಳ್ಳನ್ನು ದೂರಕ್ಕೆ ಎಸೆಯುತ್ತದೆಂದು ಇಂದಿಗೂ ಅನೇಕರು ನಂಬಿದ್ದಾರೆ. ಅದು ಸುಳ್ಳು. ವೈರಿಯು ಸಮೀಪಿಸಿದಾಗ ಅದು ಬೆನ್ನು ತಿರುಗಿಸಿ, ಮುಳ್ಳುಗಳನ್ನು ನಿಮಿರಿಸಿಕೊಂಡು ಹಿಂದುಹಿಂದಕ್ಕೆ ನುಗ್ಗುತ್ತದೆ; ಆಗ ಮುಳ್ಳುಗಳು ಕಳಚಿ ವೈರಿಯ ಮೈಯಲ್ಲಿ ನಾಟಿಕೊಳ್ಳುತ್ತವೆ. ಹಳೆಯ ಹೆಸರು 'ಚುಚ್ಚುವುದು' ಎಂದಿತೇ ಹೊರತು 'ಎಸೆಯುವುದು' ಎನ್ನಲಿಲ್ಲ.

ಇನ್ನು ದಾರಿತಪ್ಪಿಸುವ ಹೆಸರುಗಳು. ಈಗ ಹೇಳಿದ ಮುಳ್ಳುಹಂದಿಯು ಹಂದಿಯೇ ಅಲ್ಲ. ಇಲಿ ಅಳಿಲುಗಳಂತೆ ಕಡಿದು ತಿನ್ನುವ ದಂಶಕ ವರ್ಗಕ್ಕೆ ಸೇರಿದ್ದು. ಕಾಡುಕುರಿಯು ಕುರಿಯಲ್ಲ, ಅದೊಂದು ಸಣ್ಣ ಜಾತಿಯ ಜಿಂಕೆ. ಕುರಿಯ ಕೊಂಬು ಜೀವವಿರುವವರೆಗೂ ಉಳಿಯುತ್ತದೆ. ಜಿಂಕೆಯ ಕವಲುಗೊಂಬು ಉದುರಿ ಮರಳಿ ಹುಟ್ಟುತ್ತದೆ. ಗಂಡು ಕಾಡುಕುರಿಯ ಮೇಲ್ದವಡೆಯಲ್ಲಿ ಚಿಕ್ಕ ಕೋರೆಹಲ್ಲುಗಳೂ ಇರುತ್ತವೆ. ಅಪಾಯದ ಸುಳಿವು ಸಿಕ್ಕಿದರೆ ಅದು ನಾಯಿಯಂತೆ ಬೊಗಳುವುದರಿಂದ, ಕಾಡನ್ನು ಬಲ್ಲವರು ಆ ಕೂಗನ್ನು ಕೇಳಿ ಸಮೀಪದಲ್ಲಿ ಹುಲಿಯೋ ಚಿರತೆಯೋ ಇದೆಯೆಂದು ಊಹಿಸುತ್ತಾರೆ. ಕಡವೆ ಜಿಂಕೆಗಳು ಉದುರಿಸಿದ ಕೊಂಬುಗಳು ಕಾಡಿನಲ್ಲಿ ರಾಶಿಬಿದ್ದಿರಬೇಕಲ್ಲವೆ? ಹಾಗೆ ಕಾಣುವುದಿಲ್ಲ. ಮುಳ್ಳುಹಂದಿಯು ಸುಣ್ಣದ ಅಂಶಕ್ಕಾಗಿ ಅವುಗಳನ್ನೂ ಸತ್ತ ಪ್ರಾಣಿಗಳ ಎಲುಬುಗಳನ್ನೂ ಕಡಿದು ಮುಗಿಸುತ್ತದೆ. ಕಾಡಿನಲ್ಲಿ ಒಂದರ ಕಸವು ಮತ್ತೊಂದರ ಆಹಾರ.

ಕಾಡುಕೋಣವು ಕೋಣವಲ್ಲ. ಎಮ್ಮೆಯ ಕುಲಕ್ಕಿಂತ ದನದ ಕುಲಕ್ಕೇ ಅದು ಹತ್ತಿರದ ನೆಂಟ. ಎಮ್ಮೆಗಳಂತೆ ಅದು ಕೆಸರಿನಲ್ಲಿ ಹೊರಳುವುದಿಲ್ಲ. ಮಲೆನಾಡಿನವರು ಇದನ್ನು ಕಾಟಿಯೆಂದು ಕರೆಯುವುದು ಹೆಚ್ಚು ಉಚಿತವಾಗಿದೆ. ಮೊಣಕಾಲಿನಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುವ ಈ ಮಹಾಕಾಯ ಪ್ರಾಣಿಯ ಬಲಿತ ಗಂಡು ಸುಮಾರು 1000 ಕಿಲೋಗ್ರಾಂವರೆಗೂ ತೂಗಬಲ್ಲುದು. ಬೆಳಗ್ಗೆ ಸಂಜೆ ಹುಲ್ಲು ಬಿದಿರುಗಳನ್ನು ಮೇಯ್ದು, ನಡುಹಗಲು ನೆರಳಿನಲ್ಲಿ ಮೆಲುಕು ಹಾಕುವುದು ಅದರ ದಿನಚರಿ. ಊರದನಗಳನ್ನು ಕಾಡುತ್ತಿದ್ದ ದೊಡ್ಡರೋಗವು 1968ರಲ್ಲಿ ಬಂಡೀಪುರ ಮುದುಮಲೆಗಳ ಕಾಟಿಗಳಿಗೂ ತಗುಲಿ ಅವುಗಳನ್ನು ಬಹುವಾಗಿ ಕೊಂದಿತು. ಆ ರೋಗವು ಇಡೀ ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಊರಿನ ಕೊಟ್ಟಿಗೆಗೂ ಕಾಡಿನ ಹಿಂಡಿಗೂ ಇರುವ ಸಂಬಂಧವನ್ನು ಇದರಿಂದ ತಿಳಿಯಬಹುದು. ಹಾಗೆಯೇ ಹಾರುಬೆಕ್ಕು ಬೆಕ್ಕಲ್ಲ, ಅಳಿಲು. ಅದು ಹಾರುವುದೂ ಇಲ್ಲ. ಮುಂಗಾಲು ಹಿಂಗಾಲುಗಳ ನಡುವಣ ಚರ್ಮವನ್ನು ಹರಡಿಕೊಂಡು ಇರುಳಿನಲ್ಲಿ ಮರದಿಂದ ಮರಕ್ಕೆ ಇಳಿಜಾರಾಗಿ ತೇಲಿಹೋಗುತ್ತದೆ. ಮೊಲೆಯೂಡುವ ಪ್ರಾಣಿಗಳಲ್ಲಿ ನಿಜವಾಗಿ ಹಾರಬಲ್ಲುದು ಬಾವಲಿಯ ವಂಶವೊಂದೇ.

ಇಂತಹ ತಪ್ಪುಹೆಸರುಗಳಿಂದ ದೊಡ್ಡ ಹಾನಿಯೇನೂ ಇಲ್ಲ. ಆದರೆ ಹೆಸರಿನೊಡನೆ ಅಪಕೀರ್ತಿಯೂ ಮೂಢನಂಬಿಕೆಯೂ ಸೇರಿಕೊಂಡರೆ ಆಗುವ ಅನರ್ಥವು ಅಷ್ಟಿಷ್ಟಲ್ಲ. ಸೀಳುನಾಯಿಯನ್ನೇ ನೋಡಿರಿ. ಹೆಸರನ್ನು ಕೇಳಿದರೇ ಭಯವಾಗುತ್ತದೆ. ಮೈಬಣ್ಣವನ್ನು ಕಂಡು ಇದನ್ನು ಕೆನ್ನಾಯಿ ಎಂದೂ ಕರೆಯುವುದುಂಟು. ಇದು ಬೇಟೆಯನ್ನು ಬದುಕಿರುವಾಗಲೇ ಹರಿದು ತಿನ್ನಲು ತೊಡಗುತ್ತದೆಂಬುದು ನಿಜ. ಹುಲಿಯಂತೆ ಕೊರಳು ಹಿಡಿದು ಒಂದೇ ಪಟ್ಟಿನಲ್ಲಿ ಕೊಲ್ಲುವ ಶಕ್ತಿಯು ಹದಿನೈದು ಇಪ್ಪತ್ತು ಕಿಲೋಗ್ರಾಂ ತೂಕದ ಪ್ರಾಣಿಗೆ ಇಲ್ಲವಾದುದೇ ಅದಕ್ಕೆ ಕಾರಣ. ಇದನ್ನು ಕ್ರೌರ್ಯವೆಂದು ಬಗೆದು, ಕೊಂದವರಿಗೆ ಸರ್ಕಾರದಿಂದಲೇ ಬಹುಮಾನ ಕೊಡುವ ಪದ್ಧತಿಯಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯು 1972ರಲ್ಲಿ ಬಂದ ಮೇಲೆ ಅದು ನಿಂತಿತು. ಅದೇ ದಶಕದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಎಂಬ ವಿಜ್ಞಾನಿಯು ಬಂಡೀಪುರದಲ್ಲಿ ಈ ಪ್ರಾಣಿಗಳ ಜೀವನವನ್ನು ಅಭ್ಯಾಸ ಮಾಡಿದರು. ಸೀಳುನಾಯಿಯು ಗುಂಪಿನಲ್ಲಿ ಬಾಳುವ ಪ್ರಾಣಿ. ಸಿಳ್ಳು ಹಾಕಿದಂತೆ ಕೂಗಿ ಒಂದನ್ನೊಂದು ಕರೆಯುತ್ತದೆ. ಬೇಟೆಯ ಬಳಿ ಮರಿಗಳಿಗೆ ಮೊದಲ ತುತ್ತನ್ನು ಬಿಟ್ಟುಕೊಡುತ್ತದೆ. ಗೂಡಿನಲ್ಲಿರುವ ಎಳೆಯ ಮರಿಗಳಿಗಾಗಿ, ತಿಂದ ಮಾಂಸವನ್ನು ಹಿರಿಯ ನಾಯಿಗಳು ಕಕ್ಕಿ ಉಣಿಸುತ್ತವೆ. ಎಳೆಯರನ್ನು ಇಷ್ಟು ಪ್ರೀತಿಯಿಂದ ಸಾಕುವ ಜೀವಿಯನ್ನು ಕ್ರೂರಿಯೆಂದು ನಾವು ಹೇಗೆ ಹೇಳೋಣ?

ಕಾಡುಪಾಪದ ಕಥೆ ಇನ್ನೂ ಕರುಣಾಜನಕ. ಇಲ್ಲಿ ಪಾಪವೆಂಬುದು ಪುಣ್ಯಕ್ಕೆ ವಿರುದ್ಧವಾದ ಸಂಸ್ಕೃತ ಶಬ್ದವಲ್ಲ. ಮಗುವೆಂಬ ಅರ್ಥದ ಕನ್ನಡ ಮಾತು. ಕಾಡಿನ ಕೂಸು ಎಂದು ನಮ್ಮ ಜನ ಮಮತೆಯಿಂದ ಹೆಸರಿಟ್ಟರು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ದೇಹ, ಕಡ್ಡಿಯಂತಹ ಕೈಕಾಲು, ಮುಖವನ್ನೆಲ್ಲ ತುಂಬಿದ ದುಂಡುಗಣ್ಣು. ಹಗಲೆಲ್ಲ ಪೊದೆಯಲ್ಲಿ ಮುದುಡಿ ಮಲಗಿದ್ದು, ರಾತ್ರಿ ಸದ್ದಿಲ್ಲದೆ ಕೊಂಬೆಯ ಮೇಲೆ ಸರಿದಾಡುತ್ತ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುತ್ತದೆ. ತುಮಕೂರು ಜಿಲ್ಲೆಯ ಕುರುಚಲು ಕಾಡುಗಳಲ್ಲಿಯೂ ಹೊಲತೋಟಗಳ ಅಂಚಿನಲ್ಲಿಯೂ ಇದು ವಾಸಿಸುತ್ತದೆ. ಮಾಟಮಂತ್ರಗಳಿಗೆ ಇದರ ಕಣ್ಣು ಬೇಕೆಂಬ ಮೂಢನಂಬಿಕೆಯಿಂದ ಈ ನಿರಪರಾಧಿಯನ್ನು ಹಿಂಸಿಸುವವರುಂಟು. ನಮ್ಮ ನೆರೆಯ ತಮಿಳುನಾಡಿನಲ್ಲಿ 2022ರಲ್ಲಿ ಕಡವೂರು ಎಂಬಲ್ಲಿ ಇದಕ್ಕಾಗಿಯೇ ಒಂದು ಅಭಯಾರಣ್ಯವನ್ನು ಘೋಷಿಸಿರುವುದು ಸಮಾಧಾನದ ಸಂಗತಿ.

ಚಿಪ್ಪುಹಂದಿಗೂ ಇದೇ ಗತಿ. ಇದೂ ಹಂದಿಯಲ್ಲ; ಬಾಯಲ್ಲಿ ಒಂದು ಹಲ್ಲೂ ಇಲ್ಲ. ಬಲವಾದ ಉಗುರುಗಳಿಂದ ಹುತ್ತವನ್ನು ಅಗೆದು, ಉದ್ದನೆಯ ಅಂಟುನಾಲಗೆಯಿಂದ ಇರುವೆ ಗೆದ್ದಲುಗಳನ್ನು ನೆಕ್ಕಿ ತಿನ್ನುತ್ತದೆ. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಆ ಉಪಾಯವು ಕಾಡಿನ ಮೃಗಗಳನ್ನು ಹಿಮ್ಮೆಟ್ಟಿಸಬಹುದು. ಮನುಷ್ಯನಾದರೋ ಆ ಚೆಂಡನ್ನೇ ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅದರ ಚಿಪ್ಪಿನಲ್ಲಿ ಔಷಧಿಯ ಗುಣವಿದೆಯೆಂಬ ನಂಬಿಕೆಯೇ ಇದಕ್ಕೆ ಕಾರಣ. ನಮ್ಮ ಉಗುರು ಯಾವ ದ್ರವ್ಯದಿಂದ ಆಗಿದೆಯೋ ಆ ಚಿಪ್ಪೂ ಅದೇ ದ್ರವ್ಯದಿಂದ ಆದುದು. ಕತ್ತರಿಸಿ ಎಸೆದ ಉಗುರನ್ನು ಔಷಧಿಯೆಂದು ಯಾರಾದರೂ ಸೇವಿಸುವರೆ? ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು 2016ರಲ್ಲಿ ಜೋಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ರಾಷ್ಟ್ರಗಳು ನಿರ್ಣಯಿಸಿದವು. ಆದರೂ ಕಳ್ಳವ್ಯಾಪಾರವು ಅಳಿದಿಲ್ಲ. ಕೊಳ್ಳುವವನ ಅಜ್ಞಾನವು ಅಳಿಯುವವರೆಗೆ ಕಾನೂನು ಒಂದರಿಂದಲೇ ಅದು ಅಳಿಯಲಾರದು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಸೂಚನೆ. ರಜೆಯಲ್ಲಿ ಊರಿಗೆ ಹೋದಾಗ, ನಿಮ್ಮ ಸೀಮೆಯ ಕಾಡುಪ್ರಾಣಿಗಳಿಗೆ ಹಿರಿಯರು ಯಾವ ಯಾವ ಹೆಸರುಗಳನ್ನು ಹೇಳುತ್ತಾರೆಂದು ಕೇಳಿ ಬರೆದುಕೊಳ್ಳಿರಿ. ಪ್ರತಿಯೊಂದು ಹೆಸರಿನ ಮುಂದೆ ಆ ಪ್ರಾಣಿ ಏನನ್ನು ತಿನ್ನುತ್ತದೆ, ಯಾವ ಹೊತ್ತಿನಲ್ಲಿ ಸಂಚರಿಸುತ್ತದೆ, ಮರಿಗಳನ್ನು ಹೇಗೆ ಸಾಕುತ್ತದೆ ಎಂಬುದನ್ನೂ ಬರೆಯಿರಿ. ಹೆಸರಿಗೂ ನಡತೆಗೂ ತಾಳೆಯಾದರೆ ಹಿರಿಯರ ಜಾಣ್ಮೆಗೆ ತಲೆದೂಗಿರಿ. ತಾಳೆಯಾಗದಿದ್ದರೆ ನಡತೆಯನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿರಿ. ಅಪಶಕುನವೆಂದೋ ಔಷಧಿಯೆಂದೋ ಯಾರಾದರೂ ಒಂದು ಪ್ರಾಣಿಯ ಮೇಲೆ ಕೈಯೆತ್ತಿದರೆ, ನೀವು ಬರೆದಿಟ್ಟುದನ್ನು ಅವರಿಗೆ ಓದಿ ಹೇಳಿರಿ. ಪಾಠಶಾಲೆಯಲ್ಲಿ ಕಲಿತ ಅಕ್ಷರವು ಅಷ್ಟರಿಂದ ಒಂದು ಜೀವವನ್ನು ಉಳಿಸಿದರೂ ಅದು ಸಾರ್ಥಕವಾಯಿತೆಂದೇ ನಾವು ಭಾವಿಸುತ್ತೇವೆ.