ರಜೆಯಲ್ಲಿರುವ ಹೊಲದ ನಾಯಿಗಳು

ಶೇಂಗಾ ಕಿತ್ತು ಬಿಡಿಸಿ ಮುಗಿದರೆ ನಮ್ಮ ಹರಿಯಬ್ಬೆ ಕಡೆ ಹೊಲದಲ್ಲಿ ನಾಯಿಗೆ ಕೆಲಸವಿಲ್ಲ. ಮತ್ತೆ ಮುಂಗಾರು ಬಿತ್ತನೆಗೇ. ನನ್ನಲ್ಲಿ ಎರಡಿವೆ. ಕರಿಯನಿಗೆ ಹನ್ನೊಂದು ವರ್ಷ, ಚಿಗರಿಗೆ ಒಂದೂವರೆ. ಎರಡೂ ನಾಟಿ. ಚಿಗರಿಯ ಉದ್ದ ಕಾಲು ನೋಡಿ "ಮುಧೋಳದ್ದಾ?" ಅನ್ನುವವರಿದ್ದಾರೆ. ಅಲ್ಲ. ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿ ಏರಿತು, ಊರನಾಯಿಗೆ ಆ ಯೋಗ ಎಲ್ಲಿ!

ಹಿಂದಿನವರು ನಾಯಿ ಸಾಕಿದ್ದು ಗೌಜಲು, ಮೊಲದ ಬೇಟೆಗೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ನಮಗೆ ಬೇಕಾದ್ದು ಹಕ್ಕಿ ಹಿಡಿಯುವ ನಾಯಿಯಲ್ಲ, ಎಬ್ಬಿಸುವ ನಾಯಿ. ಬಿತ್ತಿದ ಶೇಂಗಾ ಬೀಜವನ್ನು ನವಿಲು ಸಾಲು ಹಿಡಿದು ಕೆದಕುತ್ತದೆ. ಕರಿಯ ಬದುವಿನ ಮೇಲೆ ನಿಂತು ಬೊಗಳಿದರೆ ಸಾಕಿತ್ತು. ಬಾಯಿ ಹಾಕಿದವನಲ್ಲ.

ಚಿಗರಿಗೆ ಆ ವಿವೇಕ ಇನ್ನೂ ಬಂದಿಲ್ಲ. ಈ ಏಪ್ರಿಲ್‌ನಲ್ಲಿ ಪೊದೆ ಬುಡದ ಗೌಜಲು ಗೂಡಿಗೆ ನುಗ್ಗಿ ಮೊಟ್ಟೆ ತಿಂದಳು. ಗೌಜಲು ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿ, ನಮ್ಮ ಬೇಸಿಗೆ ರಜೆಯೇ ಅದಕ್ಕೆ ಬಾಣಂತನ. ಗೆದ್ದಲು, ಹುಳ ತಿನ್ನುವ ಹಕ್ಕಿ ಹೋದರೆ ನಷ್ಟ ನಮಗೇ. ಮೊದಲು ಹೊಡೆದು ಕಲಿಸಲು ಹೋಗಿ ಕೆಟ್ಟೆ, ಕರೆದರೆ ಬರುವುದನ್ನೇ ಬಿಟ್ಟಳು. ಈಗ ಉದ್ದ ಹಗ್ಗ ಕಟ್ಟಿ, ಬೆಳಗಿನ ತಂಪಿನಲ್ಲಿ ಕರಿಯನ ಜೊತೆ ಬದು ಸುತ್ತಿಸುತ್ತೇನೆ. ಅವನು ನಿಂತಲ್ಲಿ ಇವಳೂ ನಿಂತರೆ ರೊಟ್ಟಿ ಚೂರು.

ಕರಿಯನ ವಿಷಯದಲ್ಲಿ ತಪ್ಪು ನನ್ನದೇ. ಎರಡು ವರ್ಷದ ಹಿಂದೆ ಮೇ ತಿಂಗಳ ನಡುಹಗಲಲ್ಲಿ ಬೈಕಿನ ಹಿಂದೆ ತೋಟಕ್ಕೆ ಓಡಿಸಿಕೊಂಡು ಹೋದೆ. ವಯಸ್ಸಾದದ್ದು ನನಗೆ ಹೊಳೆಯಲೇ ಇಲ್ಲ. ಬೋರಿನ ಹತ್ತಿರ ಕುಸಿದು ಬಿದ್ದ, ನಾಲಿಗೆ ಕೆಂಪಗೆ, ಕಣ್ಣು ಮೇಲೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ತಣಿಯಬೇಕು. ನೆರಳಿಗೆ ಎಳೆದು, ನೀರು ಹೊಯ್ದು, ಟವೆಲ್ಲಿನಲ್ಲಿ ಗಾಳಿ ಬೀಸುತ್ತಾ ಪಶುವೈದ್ಯರಲ್ಲಿಗೆ ಒಯ್ದೆವು. ಉಳಿದುಕೊಂಡ. ಹಿಂಗಾಲಿಗೆ ಮಾತ್ರ ಮೊದಲಿನ ಬಲ ಬರಲಿಲ್ಲ.

ಈಗ ಅವನಿಗೆ ಹೊಂಗೆ ನೆರಳಿನಲ್ಲಿ ಗೋಣಿ ಹಾಸಿಗೆ. ಹಲ್ಲು ಸವೆದಿವೆ, ರಾಗಿ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕೊಡುತ್ತೇವೆ. ಸಂಜೆ ಇಬ್ಬರ ಕಿವಿ, ಬೆರಳ ಸಂದು ತಡವಿ ಉಣ್ಣೆ ತೆಗೆಯುವುದು ಮನೆಯವಳ ಪಾಲು. ಉಣ್ಣೆಯಿಂದ ಬರುವ ಜ್ವರ ರಕ್ತವನ್ನೇ ಕೆಡಿಸುತ್ತದೆ. ದನದ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಬಳಿಯಬೇಡಿ, ನೆಕ್ಕಿದರೆ ವಿಷ. ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ ಇಬ್ಬರಿಗೂ, ಮುದಿಯ ಎಂದು ಬಿಡುವಂತಿಲ್ಲ.

ಮೊನ್ನೆ ಸಂಜೆ ಹಳ್ಳದ ಕಡೆ ನವಿಲು ಕೂಗಿತು. ಚಿಗರಿ ಹಗ್ಗ ಜಗ್ಗಲಿಲ್ಲ. ಬದುವಿನ ಮೇಲೆ ನಿಂತು ಕರಿಯನತ್ತ ತಿರುಗಿ ನೋಡಿದಳು. ಅವನು ಮಲಗಿದ್ದಲ್ಲಿಂದಲೇ ಒಂದು ಸಲ ಬೊಗಳಿದ.