ಬಾರದ ಬೇರಿಂಗನ್ನು ಬಿಡಿಸುವ ಬಗೆ

ವಾಹನದ ಗೇರ್ ಬಾಕ್ಸನ್ನು ಬಿಚ್ಚಿ ಹೊಸದಾಗಿ ಜೋಡಿಸುವವರು ಒಮ್ಮೆಯಾದರೂ ಎದುರಿಸುವ ತೊಡಕೊಂದಿದೆ. ನಟ್ಟು, ಬೋಲ್ಟುಗಳೆಲ್ಲ ಕಳಚಿ ಬಂದರೂ ಬೇರಿಂಗು ಮಾತ್ರ ಶಾಫ್ಟನ್ನು ಕಚ್ಚಿಕೊಂಡು ಕೂತಿರುತ್ತದೆ. ಆಗ ಕೈ ಸುತ್ತಿಗೆಯ ಕಡೆಗೆ ಹೋಗುವುದು ಸಹಜ. ಆದರೆ ತಪ್ಪು ಜಾಗಕ್ಕೆ ಬಿದ್ದ ಒಂದು ಪೆಟ್ಟು ಬೇರಿಂಗಿನ ಜೊತೆಗೆ ಅದಕ್ಕಿಂತ ಎಷ್ಟೋ ಬೆಲೆಬಾಳುವ ಶಾಫ್ಟನ್ನೋ ಪೆಟ್ಟಿಗೆಯನ್ನೋ ಕೆಡಿಸಬಹುದು. ಕಣ್ಣಿಗೂ ಕುತ್ತು ತರಬಹುದು. ತರಗತಿಯಲ್ಲಿ ನೀವು ಕಲಿತ ಭೌತಶಾಸ್ತ್ರ ಇಲ್ಲಿ ಹೇಗೆ ನೆರವಾಗುತ್ತದೆ ಎಂಬುದನ್ನು ನೋಡೋಣ.

ಬಿಗಿಯಾಗಿರುವುದೇಕೆ?

ಗುಂಡು ಬೇರಿಂಗಿನಲ್ಲಿ ಒಂದು ಒಳಬಳೆ, ಒಂದು ಹೊರಬಳೆ ಮತ್ತು ಅವುಗಳ ನಡುವೆ ಉರುಳುವ ಉಕ್ಕಿನ ಗುಂಡುಗಳು ಇರುತ್ತವೆ. ಈ ಬಳೆಗಳಿಗೆ ಗ್ಯಾರೇಜುಗಳಲ್ಲಿ ‘ರೇಸ್’ ಎನ್ನುತ್ತಾರೆ. ಉದಾಹರಣೆಗೆ 6205 ಎಂಬ ಬೇರಿಂಗನ್ನು ತೆಗೆದುಕೊಳ್ಳಿ. ಅದರ ಕೊನೆಯ ಎರಡು ಅಂಕೆಗಳಾದ 05ನ್ನು 5ರಿಂದ ಗುಣಿಸಿದರೆ 25 ಬರುತ್ತದೆ. ಅದರ ರಂಧ್ರದ ವ್ಯಾಸ 25 ಮಿ.ಮೀ. ಹೊರವ್ಯಾಸ 52 ಮಿ.ಮೀ. ತಿರುಗುವ ಶಾಫ್ಟಿನ ಮೇಲೆ ಒಳಬಳೆ ಜಾರಬಾರದೆಂದು ಶಾಫ್ಟನ್ನು ಆ ರಂಧ್ರಕ್ಕಿಂತ ಕೆಲವು ಮೈಕ್ರಾನಿನಷ್ಟು ದಪ್ಪವಾಗಿ ಮಾಡಿರುತ್ತಾರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಹತ್ತು ಮೈಕ್ರಾನ್ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ; ಆದರೂ ಉಕ್ಕು ಉಕ್ಕನ್ನು ಹಿಡಿದಿಡಲು ಅಷ್ಟು ಸಾಕು. ಮುಂದೆ ತುಕ್ಕು, ಕರಕಲಾದ ಎಣ್ಣೆ ಸೇರಿದರೆ ಹಿಡಿತ ಇನ್ನೂ ಹೆಚ್ಚುತ್ತದೆ.

ಆದ್ದರಿಂದ ಬಲ ಹಾಕುವ ಮೊದಲು ಚೆನ್ನಾಗಿ ತೊಳೆದು ನೋಡಬೇಕು. ಬೇರಿಂಗನ್ನು ತಡೆದು ನಿಲ್ಲಿಸುವ ಸರ್ಕ್ಲಿಪ್ ಎಂಬ ಉಕ್ಕಿನ ಕೊಂಡಿ ಅನೇಕ ವೇಳೆ ಕೊಳೆಯ ಅಡಿಯಲ್ಲಿ ಕಾಣದೆ ಅಡಗಿರುತ್ತದೆ. ಅದನ್ನು ತೆಗೆಯದೆ ಎಳೆದರೆ ಬೇರಿಂಗು ಬರುವುದಿಲ್ಲ, ಪೆಟ್ಟಿಗೆ ಬಿರಿಯುತ್ತದೆ.

ಯಾವ ಬಳೆಯನ್ನು ಎಳೆಯಬೇಕು?

ಈ ಕೆಲಸದ ಮುಖ್ಯ ಸೂತ್ರ ಇಷ್ಟೇ: ಯಾವ ಬಳೆ ಬಿಗಿಯಾಗಿದೆಯೋ ಆ ಬಳೆಯನ್ನೇ ಎಳೆಯಬೇಕು. ಶಾಫ್ಟಿನ ಮೇಲೆ ಬಿಗಿಯಾಗಿದ್ದರೆ ಒಳಬಳೆಯನ್ನು, ಪೆಟ್ಟಿಗೆಯಲ್ಲಿ ಬಿಗಿಯಾಗಿದ್ದರೆ ಹೊರಬಳೆಯನ್ನು. ಒಳಬಳೆ ಸಿಕ್ಕಿಕೊಂಡಿರುವಾಗ ಹೊರಬಳೆಯನ್ನು ಎಳೆದರೆ ಬಲವೆಲ್ಲ ಗುಂಡುಗಳ ಮೂಲಕ ಹಾಯುತ್ತದೆ. ಗುಂಡು ಬಳೆಯನ್ನು ಮುಟ್ಟುವ ಜಾಗ ಒಂದು ಚುಕ್ಕೆಯಷ್ಟು. ಅಷ್ಟು ಸಣ್ಣ ಜಾಗದ ಮೇಲೆ ಒತ್ತಡ ಅತಿಯಾಗಿ, ಗುಂಡು ಓಡುವ ದಾರಿಯಲ್ಲಿ ಕುಳಿ ಬೀಳುತ್ತದೆ. ಹಾಗೆ ತೆಗೆದ ಬೇರಿಂಗನ್ನು ಮತ್ತೆ ಬಳಸಬಾರದು.

ಎಳೆಯಲು ಬಳಸುವ ಸಾಧನ ಪುಲ್ಲರ್. ಅದರ ಕೊಕ್ಕೆಗಳು ಬಳೆಯನ್ನು ಹಿಂದಿನಿಂದ ಹಿಡಿಯುತ್ತವೆ. ನಡುವಿನ ತಿರುಪು ಶಾಫ್ಟಿನ ತುದಿಯನ್ನು ಒತ್ತುತ್ತದೆ. ಕೊಕ್ಕೆಗೆ ಎಡೆಯಿಲ್ಲದಿದ್ದರೆ ಎರಡು ಹೋಳಿನ ತಟ್ಟೆಯನ್ನು ಬೇರಿಂಗಿನ ಹಿಂದೆ ಸೇರಿಸಿ ಬಿಗಿಯಲಾಗುತ್ತದೆ. ಇದರ ಶಕ್ತಿಯನ್ನು ನೀವೇ ಲೆಕ್ಕ ಹಾಕಬಹುದು. 20 ಸೆಂ.ಮೀ. ಉದ್ದದ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ಕೈ ಸುಮಾರು 1257 ಮಿ.ಮೀ. ಸಾಗುತ್ತದೆ, ತಿರುಪು ಮುಂದೆ ಹೋಗುವುದು, ಉದಾಹರಣೆಗೆ, 1.5 ಮಿ.ಮೀ. ಮಾತ್ರ. ಅಂದರೆ ಬಲ ಸುಮಾರು 838 ಪಟ್ಟು ಹೆಚ್ಚಬೇಕು. ಘರ್ಷಣೆ ಅದರಲ್ಲಿ ಎಂಟಕ್ಕೆ ಏಳು ಪಾಲನ್ನು ನುಂಗಿದರೂ, 10 ಕಿಲೋಗ್ರಾಂ ತೂಕದಷ್ಟು ಬಲಕ್ಕೆ ಒಂದು ಟನ್ನಿನಷ್ಟು ಸೆಳೆತ ದೊರೆಯುತ್ತದೆ. ಹೀಗೆ ಬಿಗಿದ ಪುಲ್ಲರ್ ತಟ್ಟನೆ ಕಳಚಿ ಸಿಡಿಯಬಹುದು. ಅದರ ಮೇಲೆ ದಪ್ಪ ಗೋಣಿ ಹೊದಿಸಿ, ಪಕ್ಕಕ್ಕೆ ನಿಂತು ಕೆಲಸ ಮಾಡುವುದು ಕ್ಷೇಮ.

ಶಾಖದ ಸಹಾಯ

ಬಿಸಿಯಾದಾಗ ಲೋಹ ಹಿಗ್ಗಿ ರಂಧ್ರ ಕಿರಿದಾಗುತ್ತದೆ ಎಂದು ಕೆಲವರು ಭಾವಿಸುತ್ತಾರೆ. ವಾಸ್ತವವಾಗಿ ಲೋಹದ ಜೊತೆಗೆ ರಂಧ್ರವೂ ಹಿಗ್ಗುತ್ತದೆ. ಅನೇಕ ಕಾರುಗಳ ಗೇರ್ ಪೆಟ್ಟಿಗೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 52 ಮಿ.ಮೀ. ರಂಧ್ರವಿರುವ ಪೆಟ್ಟಿಗೆಯ ಉಷ್ಣತೆಯನ್ನು 80 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ರಂಧ್ರ ಸುಮಾರು 96 ಮೈಕ್ರಾನ್ ಹಿಗ್ಗುತ್ತದೆ. ಅಷ್ಟೇ ಬಿಸಿಯಾದ ಉಕ್ಕಿನ ಬಳೆ ಸುಮಾರು 50 ಮೈಕ್ರಾನ್ ಮಾತ್ರ. ಈ ಅಂತರದಿಂದ ಹಿಡಿತ ಸಡಿಲುತ್ತದೆ. ಪೆಟ್ಟಿಗೆಯನ್ನು ಬೋರಲಾಗಿಸಿ ಮರದ ಹಲಗೆಗೆ ಮೆಲ್ಲನೆ ತಟ್ಟಿದರೆ ಬೇರಿಂಗು ತಾನೇ ಉದುರುವುದುಂಟು. ಹಳೆಯ ಜೀಪುಗಳಲ್ಲಿದ್ದಂತಹ ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಈ ಲಾಭವಿಲ್ಲ; ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ಬಿಸಿ ಮಾಡುವ ಮೊದಲು ರಬ್ಬರಿನ ಎಣ್ಣೆ ಸೀಲುಗಳನ್ನು ತೆಗೆದು, ಎಣ್ಣೆ, ಪೆಟ್ರೋಲಿನ ಪಸೆಯನ್ನೆಲ್ಲ ಒರೆಸಬೇಕು. ಶಾಫ್ಟಿಗೆ ಬೆಂಕಿಯ ಜ್ವಾಲೆ ಹಿಡಿಯಲೇಬಾರದು. ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅದು ಸುಮಾರು 300 ಡಿಗ್ರಿ ಮುಟ್ಟಿದೆ ಎಂದರ್ಥ; ಅದರ ಮೇಲ್ಮೈಗೆ ಕೊಟ್ಟಿದ್ದ ಗಡಸುತನ ಅಷ್ಟರಲ್ಲಿ ಇಳಿದಿರುತ್ತದೆ.

ಹಿಂದಿನಿಂದ ಹಿಡಿಯಲಾಗದಿದ್ದರೆ?

ಎಂಜಿನಿನ ಕ್ರ್ಯಾಂಕ್ ಶಾಫ್ಟಿನ ತುದಿಯ ಕುರುಡು ರಂಧ್ರದಲ್ಲಿ ಗೇರ್ ಬಾಕ್ಸಿನ ಶಾಫ್ಟಿಗೆ ಆಸರೆಯಾಗಿ ಕೆಲವು ವಾಹನಗಳಲ್ಲಿ ಒಂದು ಸಣ್ಣ ಬುಶ್ ಇರುತ್ತದೆ. ಕೊಕ್ಕೆ ಹಾಕಲು ಹಿಂದೆ ಜಾಗವಿಲ್ಲ. ಅಲ್ಲಿ ಮೆಕ್ಯಾನಿಕ್‌ಗಳು ರಂಧ್ರಕ್ಕೆ ಗ್ರೀಸ್ ತುಂಬಿ, ಬುಶ್ಶಿಗೆ ಸರಿಯಾಗಿ ಹೊಂದುವ ಸರಳನ್ನು ಇಟ್ಟು ಹೊಡೆಯುತ್ತಾರೆ. ಪ್ಯಾಸ್ಕಲ್ ನಿಯಮದಂತೆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡಿ, ಬುಶ್ಶಿನ ಹಿಂಬದಿಯನ್ನು ತಳ್ಳಿ ಹೊರಗೆ ತರುತ್ತದೆ.

ಯಾವ ಉಪಾಯಕ್ಕೂ ಬಗ್ಗದ ಒಳಬಳೆಯನ್ನು ಕೊನೆಗೆ ಕತ್ತರಿಸಬೇಕಾಗುತ್ತದೆ. ಗ್ರೈಂಡರಿನಿಂದ ಬಳೆಯನ್ನು ಶಾಫ್ಟಿಗೆ ತಾಗದಂತೆ ಮುಕ್ಕಾಲು ಪಾಲು ಕೊರೆದು, ಆ ಗೀರಿನಲ್ಲಿ ಉಳಿಯಿಟ್ಟು ಒಂದು ಪೆಟ್ಟು ಕೊಟ್ಟರೆ ಅದು ಸೀಳುತ್ತದೆ. ಸುಮಾರು ಶೇಕಡಾ 1 ಇಂಗಾಲ, 1.5 ಕ್ರೋಮಿಯಂ ಇರುವ ಈ ಉಕ್ಕು ಬಹಳ ಗಡಸು. ಬಾಗದೆ ಚೂರಾಗಿ ಹಾರುತ್ತದೆ. ಆದ್ದರಿಂದ ರಕ್ಷಣಾ ಕನ್ನಡಕ ಧರಿಸದೆ ಈ ಕೆಲಸಕ್ಕೆ ಕೈ ಹಾಕಬಾರದು.

ಹೊಸ ಬೇರಿಂಗನ್ನು ಕೂರಿಸುವಾಗಲೂ ಸೂತ್ರ ಅದೇ: ಬಿಗಿಯಾಗಬೇಕಾದ ಬಳೆಯನ್ನೇ ಒತ್ತಬೇಕು. ಶಾಫ್ಟಿಗೆ ಹಾಕುವ ಬೇರಿಂಗನ್ನು 100 ಡಿಗ್ರಿಯಷ್ಟು ಬಿಸಿ ಮಾಡಿದರೆ ಸಲೀಸಾಗಿ ಕೂರುತ್ತದೆ. 120 ಡಿಗ್ರಿ ಮೀರಿಸಬಾರದು. ಇಷ್ಟನ್ನು ಅರಿತವರ ಕೈಯಲ್ಲಿ ಸುತ್ತಿಗೆಗೆ ಕೆಲಸ ಬಹಳ ಕಡಿಮೆ.